ಹಡಗಿನಿಂದ ಇಳಿದು ಬಂದ ಸೊಸೆ

ವಿದ್ಯಾಶ್ರೀ ಪರದೇಶದ ನಗರವೊಂದರಲ್ಲಿ, ಬ್ಯೂನಾ ವಿಸ್ಟಾ ಎಂಬ ಬಡಾವಣೆಯ ಲ್ಯಾಬೊಂದರಲ್ಲಿ ಕಡಲಿನ ಹುಳುಗಳ ಮೇಲೆ ಕೆಲಸ ಮಾಡುತ್ತಿದ್ದಳು. 2006ರಲ್ಲಿ ಅವಳು ಸಂಶೋಧನೆಯ ಹಡಗು ಹತ್ತಿ ಹೊರಟ ದಿನ ಮಾವ ಗುರುಬಸಪ್ಪನವರು ಬಾಗಿಲಿಗೂ ಬರಲಿಲ್ಲ. ಸೊಸೆ ವಾರಗಟ್ಟಲೆ ನೀರಿನ ಮೇಲಿರುವುದು ಅವರಿಗೆ ಸೇರಿರಲಿಲ್ಲ.

ಹಡಗಿನಲ್ಲಿ ಅವಳು ವಾಂತಿ ಮಾಡಿಕೊಂಡಳು, ಬಿಸಿಲಿಗೆ ಮುಖ ಸುಲಿಸಿಕೊಂಡಳು. ಒಂದು ಬೆಳಿಗ್ಗೆ ಬಲೆಯ ಕೆಸರಲ್ಲಿ ಯಾವ ಪುಸ್ತಕದಲ್ಲೂ ಕಾಣದ ಕೆಂಪು ಹುಳುವೊಂದು ಸಿಕ್ಕಿದಾಗ ಡೆಕ್ಕಿನ ಮೇಲೇ ಕೂತು ಅತ್ತುಬಿಟ್ಟಳು.

ಅದೇ ನಗರದ ಜುರಾಂಗ್ ವೆಸ್ಟಿನಲ್ಲಿ, ಬಹುಮಹಡಿ ಕಟ್ಟಡದ ಅವರ ಮನೆಯಲ್ಲಿ, ಪ್ರತಿ ಶನಿವಾರ ಗುರುಬಸಪ್ಪನವರು ಕನ್ನಡದ ಮಕ್ಕಳಿಗೆ ವಚನ ಹೇಳಿಕೊಡುತ್ತಿದ್ದರು. ಆ ಮಕ್ಕಳಿಗೆ ತೋರಿಸುವ ಆಸೆಯಿಂದ ವಿದ್ಯಾಶ್ರೀ ಲ್ಯಾಬಿನಲ್ಲಿ ಯಾರನ್ನೂ ಕೇಳದೆ ಆ ಒಂದೇ ಒಂದು ಕೆಂಪು ಹುಳುವಿನ ಬಾಟಲಿ ತಂದಳು.

"ಆಂಟಿ, ಇದು ನಮ್ಮ ರಿಲೇಟಿವಾ?" ಎಂದು ತನ್ಮಯಿ ಎಂಬ ಹುಡುಗಿ ನಕ್ಕಳು.

"ಹೌದು ಪುಟ್ಟಿ, ತುಂಬಾ ತುಂಬಾ ಹಿಂದೆ ಹೋದ್ರೆ ಇದಕ್ಕೂ ನಮಗೂ ಅಜ್ಜಿ ಒಬ್ಬಳೇ."

ಗುರುಬಸಪ್ಪನವರು ತಾಳ ಕೆಳಗಿಟ್ಟರು. "ಈ ಜನ್ಮ ಶಿವಾ ಕೊಟ್ಟಿದ್ದು ಅಂತ ನಾ ಈಗಷ್ಟ ಹೇಳೀನಿ. ನೀ ಹುಳದ ವಂಶ ಅಂತೀಯೇನು?"

"ಇದ್ದದ್ದು ಹೇಳ್ದೆ ಮಾವಾರ."

"ಇದ್ದದ್ದು ಹೇಳಾಕಿ ಇದನ್ನೂ ಹೇಳು. ಹಡಗಿನಾಗ ಕೊರಳಿನ ಲಿಂಗ ಎಲ್ಲಿಟ್ಟಿದ್ದಿ?"

ಮಷೀನುಗಳ ಹತ್ತಿರ ಕೊರಳಲ್ಲಿ ಏನೂ ತೂಗುವಂತಿರಲಿಲ್ಲ. ಅದಕ್ಕೇ ಬಿಚ್ಚಿ ಕ್ಯಾಬಿನ್ನಿನಲ್ಲಿ ಇಟ್ಟಿದ್ದೆ ಎಂದು ಅವಳು ಹೇಳಿಬಿಟ್ಟಳು.

ಮುದುಕರು ಬಾಟಲಿ ಕಿತ್ತುಕೊಂಡು ಅಡುಗೆಮನೆಗೆ ನುಗ್ಗಿ, ಕಸವನ್ನು ಕೆಳಗಿನ ಕೋಣೆಗೆ ಬೀಳಿಸುವ ಚ್ಯೂಟಿನ ಕೊಳವೆಗೆ ಎಸೆದರು. ಎಷ್ಟೋ ಮಹಡಿ ಕೆಳಗೆ ಗಾಜು ಒಡೆಯಿತು. ಅವಳು ಓಡಿ ಇಳಿದರೆ ಕಸದ ಕೋಣೆಗೆ ಬೀಗ. ಕ್ಲೀನರ್ ಬಂದು ತೆಗೆದಾಗ ಅನ್ನ, ಮೀನಿನ ಮುಳ್ಳು, ಗಾಜಿನ ಚೂರುಗಳ ನಡುವೆ ಬೆರಳು ಕೊಯ್ದುಕೊಂಡು ಹುಡುಕಿದಳು. ಹುಳು ಸಿಗಲಿಲ್ಲ.

"ಅಪ್ಪಗ ವಯಸ್ಸಾಗೇದ. ನೀನ ಅವರ ಕ್ಷಮಾ ಕೇಳಿಬಿಡು," ಎಂದ ಗಂಡ ಚೇತನಕುಮಾರ.

"ಅವರನ್ನ ಇವತ್ತೇ ನಿನ್ನ ತಂಗಿ ಮನೀಗೆ ಬಿಟ್ಟು ಬಾ. ಇಲ್ಲಾಂದ್ರ ನಾನ ಹೋಗ್ತೀನಿ."

ಗುರುಬಸಪ್ಪನವರು ಅದೇ ನಗರದ ಹೌಗಾಂಗಿನಲ್ಲಿದ್ದ ಮಗಳು ಸುರೇಖಾಳ ಮನೆ ಸೇರಿದರು. ಲ್ಯಾಬಿನವರೂ ವಿದ್ಯಾಶ್ರೀಯನ್ನು ಬಿಡಲಿಲ್ಲ, ಮುಂದಿನ ಯಾನದಿಂದ ಹೆಸರು ತೆಗೆದರು. ಅವರ ಸಿಟ್ಟು ನ್ಯಾಯವೇ ಎಂದು ಅವಳಿಗೆ ಗೊತ್ತಿತ್ತು. ಮಾವನ ಸಿಟ್ಟನ್ನು ಮಾತ್ರ ಅವಳು ಕ್ಷಮಿಸಲಿಲ್ಲ. ಎರಡು ವರ್ಷದ ಮೇಲೆ ಬೇರೆ ಹಡಗಿನಲ್ಲಿ ಅದೇ ನೀರಿಗೆ ಹೋಗಿ ಬಲೆ ಎಳೆದಳು. ಆ ಹುಳು ಮತ್ತೆ ಬರಲಿಲ್ಲ.

ಅದೇ ವರ್ಷ ಸುರೇಖಾಳ ಮಗುವಿನ ಹೆಸರಿಡುವ ದಿನ ವಿದ್ಯಾಶ್ರೀ ಬಡಿಸಲು ನಿಂತಳು. ಗುರುಬಸಪ್ಪನವರು ತಟ್ಟೆಗೆ ಕೈ ಅಡ್ಡ ಹಿಡಿದರು.

"ಆಕಿ ಕೈಯಾಂದು ನನಗ ಬ್ಯಾಡ."

ಅವಳು ಹೋಳಿಗೆ ಪಾತ್ರೆಯನ್ನು ಅಲ್ಲೇ ನೆಲಕ್ಕಿಟ್ಟು, ಚಪ್ಪಲಿ ಮೆಟ್ಟಿ ಎಂಆರ್‌ಟಿ ರೈಲಿನ ಸ್ಟೇಷನ್ ಕಡೆ ನಡೆದಳು. ಸುರೇಖಾಳ ಮನೆಯ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ.