ಲೈಬ್ರರಿ ಆಂಟಿ ಅಂಟಿಸಿದ ಎರಡನೇ ಕೊನೆ

ನಿನ್ನೆ ಬೆಳಿಗ್ಗೆ ಕುರುಬರಹಳ್ಳಿಯ ನಮ್ಮ ಮನೆಯಲ್ಲಿ, ಒಂದು ಹಳೇ ಡಬ್ಬಿಯಲ್ಲಿ ಮೈದಾ ಗೋಂದು ಕುದಿಸುತ್ತಿದ್ದೆ. ಹುಳು ಹಿಡಿಯದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿದೆ ನೋಡಿ, ಬೆಂದ ಹಿಟ್ಟಿನ ಆ ವಾಸನೆಯ ಜೊತೆ ಲೈಬ್ರರಿ ಆಂಟಿ ಕಣ್ಣ ಮುಂದೆ ಬಂದು ನಿಂತರು... ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬೆರಳ ತುದಿಯಲ್ಲಿ ಒಣಗಿದ ಗೋಂದು.

ಚಂದ್ರಾ ಲೇಔಟಿನಲ್ಲಿ ಅವರದು ಬಾಡಿಗೆ ಪುಸ್ತಕದ ಅಂಗಡಿ. ಕಾದಂಬರಿಗಳ ಕೊನೆಯ ಪುಟಗಳು ಅದೇಕೋ ಸದಾ ಹರಿದುಹೋಗುತ್ತಿದ್ದವು. ಆಂಟಿ ಅವನ್ನು ರದ್ದಿಗೆ ಹಾಕುತ್ತಿರಲಿಲ್ಲ. ಎಲ್ಲಿಂದಲೋ ಇನ್ನೊಂದು ಪ್ರತಿ ಎರವಲು ತಂದು, ಕೈಬರಹ ಚೆನ್ನಾಗಿರುವ ಮಕ್ಕಳನ್ನು ಕೂರಿಸಿ ಆ ಪುಟಗಳನ್ನು ಬರೆಸಿ ಅಂಟಿಸುತ್ತಿದ್ದರು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಆಗ ನನಗೆ ಹದಿನಾಲ್ಕು. ಮನೆಯವರ, ಶಾಲೆಯವರ ಪಾಲಿಗೆ ನಾನು ಹುಡುಗ. ಹುಡುಗಿ ಎನ್ನುವುದು ನನಗೊಬ್ಬಳಿಗೇ ಗೊತ್ತಿತ್ತು.

ಒಂದು ದಿನ ಬರೆಯಲು ಕೊಟ್ಟ ಪುಸ್ತಕದಲ್ಲಿ ಹುಡುಗನೊಬ್ಬ ಕೊಳದಲ್ಲಿ ಮುಳುಗಿ ಹುಡುಗಿಯಾಗಿ ಏಳುತ್ತಿದ್ದ. ಅಂಚೆಯವನಿಗಾಗಲಿ, ಹಾಲಿನವಳಿಗಾಗಲಿ ಅದು ವಿಚಿತ್ರವೇ ಅಲ್ಲ. ಅಯ್ಯೋ, ನನ್ನಂಥವಳು ಪುಸ್ತಕದಲ್ಲಿ! ಊಟ ಬಿಟ್ಟು ಓದಿದೆ. ಕೊನೆಗೆ ನೋಡಿದರೆ ಶಾಪ ಕಳೆದು ಅವಳು ಮತ್ತೆ ಹುಡುಗನಾದಳು, ಊರವರೆಲ್ಲ ಪಾಯಸ ಉಂಡರು. ಮೈಯೆಲ್ಲ ಉರಿದುಹೋಯಿತು. ಶಾಪವಂತೆ, ಶಾಪ! ನಕಲು ಮಾಡಬೇಕಾದವಳು ನನ್ನದೇ ಕೊನೆ ಬರೆದೆ. ನನ್ನ ಕಥೆಯಲ್ಲಿ ಅವಳು ಹುಡುಗಿಯಾಗಿಯೇ ಉಳಿದು, ಸೈಕಲ್ ಹತ್ತಿ ಶಾಲೆಗೆ ಹೋದಳು. ಆಂಟಿ ಓದದೆ ಅಂಟಿಸಿಬಿಟ್ಟರು.

ಹದಿನೈದು ದಿನಕ್ಕೆ ಒಬ್ಬರು ಬಂದು ಪುಸ್ತಕವನ್ನು ಮೇಜಿನ ಮೇಲೆ ಬಿಸಾಕಿದರು.

"ಏನ್ರೀ ಇದು, ನನ್ನ ಮಗಳ ತಲೆ ಕೆಡಿಸ್ತೀರಾ? ಒರಿಜಿನಲ್ ಓದಿದೀನಿ ನಾನು. ಕೊನೇಲಿ ಅವನು ಸರಿಹೋಗ್ತಾನೆ."

"ಎರಡು ದಿನ ಬಿಟ್ಟು ಬನ್ನಿ ಸಾರ್," ಎಂದು ಅವರನ್ನು ಕಳಿಸಿ, ಆಂಟಿ ನನ್ನ ಪುಟಗಳನ್ನು ನಿಂತಲ್ಲೇ ಓದಿದರು. ನಾನು ಕಪಾಟಿನ ಪಕ್ಕದಲ್ಲೇ ನಿಂತಿದ್ದೆ.

"ಬೇರೆಯವರ ಕಥೆ ತಿದ್ದಿ, ಅದು ಅವರದ್ದೇ ಅನ್ನೋ ಹಾಗೆ ಬರೆಯೋದು ತಪ್ಪು ಕಣೋ," ಎಂದರು.

"ಅವಳು ಸರಿಯಾಗೇ ಇದ್ಲು ಆಂಟಿ. ನಾನೂ..." ಎಂದೆ.

ಆಂಟಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಬಿಳಿ ಹಾಳೆ ಮುಂದಿಟ್ಟರು. "ಮೊದಲು ಅವರ ಕೊನೆ, ಇದ್ದದ್ದು ಇದ್ದ ಹಾಗೆ. ಅದಾದ್ಮೇಲೆ ನಿಂದು. ಕೆಳಗೆ ಹೆಸರು ಹಾಕು. ಕದ್ದುಮುಚ್ಚಿ ಬರೀಬೇಡ."

ಎರಡೂ ಬರೆದೆ. ಹೆಸರಿನ ಜಾಗಕ್ಕೆ ಬಂದಾಗ ಕೈ ಓಡಲಿಲ್ಲ. ಕೊನೆಗೆ, ಆಗಿದ್ದಾಗಲಿ ಎಂದು, ಅದುವರೆಗೆ ಯಾರಿಗೂ ಹೇಳದಿದ್ದ ಹೆಸರು ಬರೆದೆ. ಚೈತ್ರಾ. ಆಂಟಿ ಓದಿದರು. ಗೋಂದಿನ ಡಬ್ಬಿ ಎಳೆದುಕೊಂಡು, "ಆ ತುದಿ ಹಿಡ್ಕೊ ಚೈತ್ರಾ, ಸುಕ್ಕಾಗುತ್ತೆ," ಎಂದರು. ಅಷ್ಟೇ. ನನಗೆ ಅಳು ತಡೆಯಲಾಗಲಿಲ್ಲ.

ಎರಡು ದಿನ ಬಿಟ್ಟು ಆ ತಂದೆ ಬಂದರು. "ಎರಡೂ ಇದೆ ಸಾರ್, ನಿಮ್ಮ ಮಗಳು ಯಾವುದು ಬೇಕೋ ಓದ್ಕೊಳ್ಳಲಿ. ಪುಟ ಮಾತ್ರ ಕೀಳಲ್ಲ," ಎಂದರು ಆಂಟಿ. ಅವರು ಮೆಂಬರ್‌ಶಿಪ್ ಬಿಟ್ಟರು, ಅಕ್ಕಪಕ್ಕದ ನಾಲ್ಕು ಮನೆಯವರನ್ನೂ ಬಿಡಿಸಿದರು. ಆಂಟಿ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಅಲ್ಲೀಗ ಮೊಬೈಲ್ ರಿಪೇರಿ ಅಂಗಡಿ. ಆಂಟಿ ತೀರಿಹೋಗಿ ಮೂರು ವರ್ಷವಾಯಿತು...

ನಾನೀಗ ಹೈಸ್ಕೂಲು ಮಕ್ಕಳಿಗಾಗಿ ಕಾದಂಬರಿ ಬರೆದಿದ್ದೇನೆ. ಕಾವೇರಿ ನೀರು ಬಿಡುವ ದಿನ ನಲ್ಲಿಯಲ್ಲಿ ಮುಖ ತೊಳೆದ ಹುಡುಗ ಹುಡುಗಿಯಾಗುತ್ತಾನೆ. ಬೀದಿಯವರು "ನಿನ್ನ ಕೊಡ ತುಂಬ್ತಾ?" ಎಂದಷ್ಟೇ ಕೇಳುತ್ತಾರೆ. ಪ್ರಕಾಶಕರು ಫೋನ್ ಮಾಡಿ, "ಕೊನೇಲಿ ಎಲ್ಲಾ ಕನಸು ಅಂತ ಮಾಡಿಬಿಡಿ ಮೇಡಂ, ಪೇರೆಂಟ್ಸ್ ಕಿರಿಕ್ ಮಾಡ್ತಾರೆ," ಎಂದರು. ಯಾರ ಕನಸು ಸ್ವಾಮಿ? ಇಲ್ಲಿ ನಲ್ಲಿ ಮುಂದೆ ಕೊಡ ಹಿಡಿದು ನಿಂತವಳು ನಾನು! ಆಗಲ್ಲ ಎಂದೆ. ಅವರೂ ಆಗಲ್ಲ ಎಂದರು.

ಅದಕ್ಕೇ ಈ ಗೋಂದು. ಜೆರಾಕ್ಸ್ ಅಂಗಡಿಯಲ್ಲಿ ಹತ್ತು ಪ್ರತಿ ತೆಗೆಸಿ, ನಾನೇ ಹೊಲಿದು, ನಾನೇ ಅಂಟಿಸಿದೆ. ಓದುವ ಮಕ್ಕಳಿಗೆ ನಾನೇ ಕೊಡುತ್ತೇನೆ. ಕೊನೆಯ ಪುಟ ಅಂಟಿಸುವಾಗ ತುದಿ ಹಿಡಿಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಆಂಟಿ ಇರಬೇಕಿತ್ತು... ಪುಟ ಸ್ವಲ್ಪ ಸುಕ್ಕಾಯಿತು. ಆಗಲಿ ಬಿಡಿ. ಅದರಲ್ಲಿ ಅವಳು ಹುಡುಗಿಯಾಗಿಯೇ ಇದ್ದಾಳೆ, ಕೆಳಗೆ ನನ್ನ ಹೆಸರಿದೆ.