ಇಸ್ತ್ರಿಪೆಟ್ಟಿಗೆ ಕೆಳಗೆ ಒಂದು ದಿನ

ನಮ್ಮನೆಯವರು ಮೂವತ್ತು ವರ್ಷ ಬೂಟು ರಿಪೇರಿ ಮಾಡಿದರು. ಎಲೆ ಉದುರುವ ಕಾಲ ಬಂತೆಂದರೆ ಬೆಟ್ಟ ಹತ್ತುವವರೆಲ್ಲ ಅಟ್ಟೆ ಸವೆದ ಬೂಟು ಹಿಡಿದು ಅಂಗಡಿ ಮುಂದೆ. ಊರಿನವರ ಕಾಲನ್ನೆಲ್ಲ ಬೆಟ್ಟಕ್ಕೆ ಕಳಿಸಿದ ಮನುಷ್ಯ ತಾನು ಒಂದು ಸಲವೂ ಹೋಗಿರಲಿಲ್ಲ.

ಅವರದು ಒಂದೇ ಹಟ. ಹೊಸ ಅಟ್ಟೆ ಅಂಟಿಸಿದ ಮೇಲೆ ಪೂರ್ತಿ ಒಂದು ದಿನ ಭಾರದ ಕೆಳಗೆ ಇಡಬೇಕು. ಭಾರ ಅಂದರೆ ನಮ್ಮತ್ತೆ ಕಾಲದ ಕಬ್ಬಿಣದ ಇಸ್ತ್ರಿಪೆಟ್ಟಿಗೆ. ಯಾರು ಗೋಗರೆದರೂ ಅದೇ ಮಾತು, ನಾಳೆ ಬನ್ನಿ. ಮನೆಯಲ್ಲಿ ನಾನು ಅವರನ್ನು ನಾಳೆಬನ್ನಿ ಸಾಹೇಬರು ಅಂತ ಆಡಿಕೊಳ್ಳುತ್ತಿದ್ದೆ.

ಹೋದ ವರ್ಷ ನಾನೇ ಗಂಟುಬಿದ್ದೆ, ಬೆಟ್ಟದ ರಾಷ್ಟ್ರೀಯ ಉದ್ಯಾನಕ್ಕೆ ನಾವೂ ಹೋಗೋಣ ಅಂತ. ನನ್ನ ತಮ್ಮ ಎರಡು ದಿನಕ್ಕೆ ಕಾರು ಕೊಟ್ಟ. ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಂಡೆ. ರೂಮು ದಂಡ, ಕಾರಲ್ಲೇ ಮಲಗಿದರಾಯ್ತು ಅಂದೆ. ಇವರು ಗಿರಾಕಿಗಳದ್ದು ಮುಗಿಸಿ, ನನ್ನದು ಮುಗಿಸಿ, ತಮ್ಮದೇ ಬೂಟಿಗೆ ಕೈ ಹಾಕುವಷ್ಟರಲ್ಲಿ ಹೊರಡುವ ದಿನ ಬೆಳಗಾಗಿತ್ತು. ಅಂಟಿನ ಸಲ್ಯೂಷನ್ ವಾಸನೆ ಇನ್ನೂ ಹೊಡೆಯುತ್ತಿತ್ತು.

"ಇದು ನಾಳೆಗೇ ಕಣೇ" ಅಂದರು.

"ರೀ, ನಾಳೆ ನಾಳೆ ಅಂತಾನೇ ಮುದುಕರಾದ್ವಿ. ಅಂಟಿದೆ, ಹಾಕ್ಕೊಳ್ಳಿ."

ನಕ್ಕರು. "ಗಿರಾಕಿಗಾದ್ರೆ ಹೇಳ್ಬಹುದು, ಹೆಂಡ್ತಿಗೆ ಹೇಳಕ್ಕಾಗತ್ತಾ." ಹಾಕಿಕೊಂಡರು.

ಅವತ್ತೇ ಬೆಟ್ಟ ಹತ್ತಿದೆವು. ಹತ್ತುವಾಗ ಏನೂ ಆಗಲಿಲ್ಲ. ಕಾಡೆಲ್ಲ ಹಳದಿ. ಎದುರು ಬಂದವರ ಮುಖ ನೋಡಲಿಲ್ಲ ಅವರು, ಕಾಲು ನೋಡಿದರು. ಇದು ನನ್ನ ಕೈಯದು, ಅದೂ ನನ್ನದೇ ಅಂತ ತೋರಿಸಿಕೊಂಡು ನಡೆದರು. ಅಷ್ಟು ಮಾತಾಡಿದ್ದು ನಾನು ಕಂಡಿರಲಿಲ್ಲ.

ಇಳಿಯುವಾಗ ನಾನು ಮುಂದೆ. ಒದ್ದೆ ಎಲೆ, ಪಕ್ಕದಲ್ಲೇ ಕಮರಿ. ಹಿಂದೆ ಏನೋ ಕಿತ್ತ ಸದ್ದಾಯಿತು. ತಿರುಗಿದರೆ ದಾರಿ ಮೇಲೆ ಅಟ್ಟೆ ಬಿದ್ದಿತ್ತು. ಅವರಿರಲಿಲ್ಲ.

ಕಾಡಿನ ಗಾರ್ಡುಗಳು ಹಗ್ಗ ಬಿಟ್ಟು ಮೇಲೆ ತಂದರು. ಉಸಿರು ಹೋಗಿತ್ತು.

ಕಾಲು ಜಾರಿತು, ಹಣೆಬರಹ, ಅನ್ನುತ್ತಾರೆ ಎಲ್ಲರೂ. ಹಣೆಬರಹ ಅಲ್ಲ. ನಾನು ಅವಸರ ಮಾಡಿದೆ. ಇಸ್ತ್ರಿಪೆಟ್ಟಿಗೆ ಕೆಳಗೆ ಒಂದು ದಿನ ಇದ್ದ ನನ್ನ ಬೂಟಿನ ಅಟ್ಟೆ ಇವತ್ತಿಗೂ ಅಲ್ಲಾಡಿಲ್ಲ.

ಈಗ ಅಂಗಡಿಯಲ್ಲಿ ನಾನೇ ಕೂರುತ್ತೇನೆ. ನೋಡಿ ನೋಡಿ ಬಂದ ಕೆಲಸ. ಮೊನ್ನೆ ಗಂಡಹೆಂಡತಿ ಬಂದರು. ಕಾರು ಹೊರಗೆ ನಿಂತಿದೆ, ಇವತ್ತೇ ಬೇಕು ಅಂದಳು ಅವಳು. ನಾನು ಅಟ್ಟೆ ಅಂಟಿಸಿದೆ. ಗಂಡ ಬೂಟು ಎತ್ತಿಕೊಂಡು ಒತ್ತಿ ನೋಡಿ, ಅಂಟಿದೆ ಬಿಡಿ ಅಂದ. ಅವನ ಕೈಯಿಂದ ಕಿತ್ತುಕೊಂಡು ಅದರ ಮೇಲೆ ಇಸ್ತ್ರಿಪೆಟ್ಟಿಗೆ ಹೇರಿದೆ.

"ನಾಳೆ ಬನ್ನಿ."

ಬೈದುಕೊಂಡು ಹೋದರು. ಬೈಯಲಿ.