ಅತ್ತೆಯ ವ್ಯಾನಿಗೆ ಒಳಗೋಡೆ ಹೊದಿಸಿದ್ದು

ನನ್ನ ಕಸುಬು ಸೋಫಾ ರಿಪೇರಿ. ಬೀದಿಯ ಕೊನೆಯಲ್ಲಿ, ಸೈಕಲ್ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ ನನ್ನ ಅಂಗಡಿ. ಕುಳಿಬಿದ್ದ ಸೀಟಿಗೆ ಹೊಸ ಸ್ಪಂಜು ತುಂಬುವುದು, ಬೆಕ್ಕು ಪರಚಿದ ಕಡೆ ಹೊಸ ಬಟ್ಟೆ ಹೊದಿಸುವುದು, ಕಿರುಗುಟ್ಟುವ ಕುರ್ಚಿಯ ಬಾಯಿ ಮುಚ್ಚಿಸುವುದು, ಇಷ್ಟೇ. ಬೀದಿಯವರು ನನ್ನನ್ನು ಕರೆಯುವುದೂ ‘ಸೋಫಾ’ ಎಂದೇ. ಕಸುಬಿನಿಂದ ಬಂದ ಹೆಸರು ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ.

“ಕಸುಬಿಗಲ್ಲ, ಆಕಾರಕ್ಕೆ” ಎಂದು ಹೆಂಡತಿ ಒಂದು ದಿನ ತಿಳಿಹೇಳಿದಳು.

ಕೆಲಸ ಕಲಿಸಿದ್ದು ನನ್ನ ಸೋದರಮಾವ. “ಇವನ ಕೈ ತಲೆಗೋಸ್ಕರ ಕಾಯೋದೇ ಇಲ್ಲ” ಎಂದು ಅವರು ಅಂಗಡಿಗೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಅದನ್ನು ಹೊಗಳಿಕೆ ಎಂದುಕೊಂಡು ನಾನು ಎದೆಯುಬ್ಬಿಸಿ ಓಡಾಡುತ್ತಿದ್ದೆ. ಮದುವೆಯಾಗುವವರೆಗೆ ಯಾರೂ ತಿದ್ದಲಿಲ್ಲ.

ಮದುವೆಯ ಜೊತೆಗೆ ಅತ್ತೆಯೂ ಬಂದರು. ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸ್ ಆಗಿದ್ದವರು. ಗಂಡ ಬೇಗ ತೀರಿಕೊಂಡಿದ್ದರಿಂದ ಮಗಳನ್ನು ಒಬ್ಬರೇ ಬೆಳೆಸಿದವರು. ಮಾತು ಕಡಮೆ, ನೋಟ ಜಾಸ್ತಿ. ನನಗಂತೂ ಅವರನ್ನು ಕಂಡರೆ ಅಳುಕು. ಅವರು ಒಳಗೆ ಬಂದರೆ ಸಾಕು, ನನ್ನ ಕೈ ತಾನಾಗಿ ಅಂಗಿಯ ಗುಂಡಿ ತಡವುತ್ತಿತ್ತು. ಅವರಾದರೂ ನನ್ನನ್ನು ಒಂದು ದಿನವೂ ಗದರಿದವರಲ್ಲ. “ಅಳಿಯಂದಿರು ಊಟ ಮಾಡಿದ್ರಾ?”, “ನೀವು ಕೂತ್ಕೊಳ್ಳಿ, ಅಳಿಯಂದಿರೇ”, ಯಾವಾಗಲೂ ಬಹುವಚನವೇ. ಆ ಮರ್ಯಾದೆಯೇ ನನಗೂ ಅವರಿಗೂ ನಡುವೆ ಗೋಡೆಯಂತೆ ನಿಂತಿತ್ತು. ಅದಕ್ಕೆ ಒರಗಿ ಕೂರುವ ಧೈರ್ಯ ನನಗಿರಲಿಲ್ಲ.

ಕೆಲಸದಿಂದ ನಿವೃತ್ತರಾದ ಮೇಲೆ ಅತ್ತೆ ಒಂದು ಹಳೆಯ ಕ್ಯಾಂಪರ್ ವ್ಯಾನ್ ಕೊಂಡರು. ಒಳಗೇ ಮಂಚ, ಒಳಗೇ ಒಲೆ, ಎಲ್ಲಿ ನಿಲ್ಲಿಸಿದರೆ ಅಲ್ಲೇ ಮನೆ ಎನ್ನುವಂಥ ಗಾಡಿ. ಹೆಂಡತಿ ಗಾಬರಿಯಾಗಿ, ಈ ವಯಸ್ಸಿನಲ್ಲಿ ಇದೆಲ್ಲ ಯಾಕಮ್ಮ ಎಂದು ಕೇಳಿದಳು.

“ಇಷ್ಟು ವರ್ಷ ಕಿಟಕಿ ಇಲ್ಲದ ಕೋಣೇಲಿ ಕೆಲಸ ಮಾಡಿದೀನಿ” ಎಂದರು ಅತ್ತೆ. “ಇನ್ನು ಸುತ್ತಲೂ ಕಿಟಕಿ ಇರೋ ಕೋಣೇಲಿ ತಿರುಗಾಡ್ತೀನಿ.”

ನಾವೂ ಹೋಗಿ ವ್ಯಾನ್ ನೋಡಿದೆವು. ಇಂಜಿನ್ ಗಟ್ಟಿಯಾಗಿತ್ತು. ಒಳಗೆ ಮಾತ್ರ ಒದ್ದೆ ನಾಯಿಯ ವಾಸನೆ. ಕಿಟಕಿಯ ಸಂದಿಯಿಂದ ವರ್ಷಗಟ್ಟಲೆ ನೀರು ಇಳಿದು, ಗೋಡೆಗೆ ಹಾಕಿದ್ದ ಹಲಗೆಗಳೆಲ್ಲ ಊದಿಕೊಂಡಿದ್ದವು. ಬೆರಳಿಟ್ಟು ಒತ್ತಿದರೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಒಳಗೆ ಹೋಗುತ್ತಿತ್ತು. ಕಿಟಕಿಯ ಸಂದಿಯನ್ನು ಮೆಕ್ಯಾನಿಕ್ ಮುಚ್ಚಿಕೊಟ್ಟಿದ್ದ. ಹಲಗೆಗಳನ್ನು ಹೊಸದಾಗಿ ಮಾಡಿ, ಸ್ಪಂಜು ಮತ್ತು ಬಟ್ಟೆ ಹೊದಿಸುವವರು ಬೇಕಿತ್ತು.

“ಇಂಥ ಕೆಲಸ ಮಾಡೋರು ಯಾರಾದ್ರೂ ಗೊತ್ತಾ?” ಎಂದು ಅತ್ತೆ ಮಗಳನ್ನು ಕೇಳಿದರು. ಗಮನಿಸಿ, ಮಗಳನ್ನು ಕೇಳಿದರು. ಪಕ್ಕದಲ್ಲೇ ನಿಂತಿದ್ದ ನನ್ನನ್ನಲ್ಲ.

“ಇದೇನು ಮಹಾ ಅತ್ತೆ, ನಾನಿಲ್ವಾ?” ಎಂದು ನಾನು ಮುಂದೆ ಬಂದೆ. “ಸೋಫಾನ ಎತ್ತಿ ನಿಲ್ಲಿಸಿದ್ರೆ ಗೋಡೆ, ಗೋಡೆನ ಮಲಗಿಸಿದ್ರೆ ಸೋಫಾ.”

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅತ್ತೆ ನನ್ನನ್ನೊಮ್ಮೆ, ವ್ಯಾನನ್ನೊಮ್ಮೆ ನೋಡಿ, “ನಿಮ್ಮಿಷ್ಟ” ಎಂದರು.

ಮರುದಿನವೇ ಹಳೆಯ ಹಲಗೆಗಳನ್ನು ಕಿತ್ತೆ. ಪ್ರತಿ ಹಲಗೆಯ ಬೆನ್ನಿಗೂ ಸಾಲಾಗಿ ಪ್ಲಾಸ್ಟಿಕ್ ಕ್ಲಿಪ್ಪುಗಳು. ಅವು ವ್ಯಾನಿನ ತಗಡಿನ ತೂತಿಗೆ ಕಚ್ಚಿಕೊಂಡಿದ್ದವು. ಕಿತ್ತ ಹಲಗೆಗಳನ್ನು ಅಂಗಡಿಗೆ ತಂದು ಹೊಸ ಪ್ಲೈವುಡ್ ಮೇಲಿಟ್ಟು ಪೆನ್ಸಿಲಿನಲ್ಲಿ ಸುತ್ತಲೂ ಗೆರೆ ಎಳೆದೆ. ಬೆನ್ನು ಕೆಳಗಾಗಿ ಇಟ್ಟರೆ ಕ್ಲಿಪ್ಪು ತಗುಲಿ ಹಲಗೆ ಅಲ್ಲಾಡುತ್ತಿತ್ತು. ಆದ್ದರಿಂದ ಎಲ್ಲವನ್ನೂ ಬೋರಲು ಮಲಗಿಸಿ, ಅಂದರೆ ಮುಖ ಕೆಳಗೆ ಮಾಡಿ, ಗೆರೆ ಎಳೆದೆ. ಎಂಥ ಉಪಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕಿಟಕಿಯ ಜಾಗ, ಚಕ್ರದ ಉಬ್ಬಿನ ಜಾಗ, ಎಲ್ಲ ಗೆರೆ ಹಿಡಿದು ಕೊರೆದೆ. ಗೆರೆ ಎಳೆದ ಮಗ್ಗುಲಿಗೇ ಸ್ಪಂಜು ಅಂಟಿಸಿ, ಕೆನೆಬಣ್ಣದ ಬಟ್ಟೆ ಎಳೆದು ಹೊದಿಸಿ, ಹಿಂದೆ ಮಡಿಚಿ ಪಿನ್ನು ಹೊಡೆದೆ. ಮೂಲೆಗಳಂತೂ ಮಗುವಿನ ಕೆನ್ನೆಯ ಹಾಗೆ ಬಂದಿದ್ದವು. ಗೋಡೆಗೆ ಒರಗಿಸಿಟ್ಟಾಗ ಸೈಕಲ್ ಅಂಗಡಿಯವನು ಬಂದು ನೋಡಿ, “ಏನ್ ಸೋಫಾ, ಹೊಸ ಮನೆಗೆ ಹೋಗ್ತಿದೀಯಾ?” ಎಂದ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವನ್ನೆಲ್ಲ ಅತ್ತೆಯ ಮನೆಗೆ ಒಯ್ದೆ. ಅತ್ತೆ ಚಹಾ ಲೋಟ ಹಿಡಿದು ವ್ಯಾನಿನ ಬಾಗಿಲಲ್ಲಿ ನಿಂತರು. ಮೊದಲ ಹಲಗೆ ಎತ್ತಿ ಗೋಡೆಗಿಟ್ಟೆ. ಕಿಟಕಿಯ ತೂತು ತಗಡಿನ ಮೇಲೆ ಬಂತು, ಕಿಟಕಿಯ ಮೇಲೆ ಬಟ್ಟೆ ಬಂತು. ತಲೆಕೆಳಗು ಮಾಡಿದೆ. ಚಕ್ರದ ಉಬ್ಬಿನ ಜಾಗ ಸೂರಿಗೆ ಹೋಯಿತು. ಎದುರು ಗೋಡೆಗೆ ಹಿಡಿದೆ. ಅಲ್ಲಿ ಗೋಡೆಯೇ ಇಲ್ಲ, ಜಾರುವ ಬಾಗಿಲು. ಎರಡನೆಯ ಹಲಗೆಯೂ ಹಾಗೇ, ಮೂರನೆಯದೂ ಹಾಗೇ. ಬೆವರು ಹುಬ್ಬಿನಿಂದ ಇಳಿಯತೊಡಗಿತು.

“ಒಂದ್ಸಲ ಒಳಗಿನ ಮಗ್ಗುಲು ಹೊರಗೆ ಮಾಡಿ ಇಟ್ಟು ನೋಡಿ” ಎಂದರು ಅತ್ತೆ.

ಇಟ್ಟೆ. ಬೀಗಕ್ಕೆ ಬೀಗದ ಕೈ ಕೂತ ಹಾಗೆ ಕೂತಿತು. ಒಂದೇ ತೊಂದರೆ, ಸುಂದರವಾದ ಬಟ್ಟೆ ತಗಡಿನ ಕಡೆಗೆ, ಬೋಳು ಮರ ಮತ್ತು ಪಿನ್ನುಗಳ ಸಾಲು ನಮ್ಮ ಕಡೆಗೆ. ಬೋರಲು ಮಲಗಿದ ಹಲಗೆಯ ಬೆನ್ನನ್ನು ನೋಡಿಕೊಂಡು, ಅದೇ ಮುಖ ಎಂದು ತಿಳಿದು, ಎಲ್ಲ ಹಲಗೆಗಳಿಗೂ ಅಂಗಿಯನ್ನು ಹಿಂದುಮುಂದಾಗಿ ತೊಡಿಸಿಬಿಟ್ಟಿದ್ದೆ.

“ಇದು... ಸುಮ್ನೆ ಅಳತೆ ನೋಡೋಕೆ ಅಂತ, ಅತ್ತೆ.”

“ಓಹೋ.”

ಆ ‘ಓಹೋ’ಗಿಂತ ಎರಡು ಬೈಗುಳ ಹಿತವಾಗಿರುತ್ತಿತ್ತು. ಅವರು ಲೋಟ ಕೆಳಗಿಟ್ಟು, ಒಳಗಿನಿಂದ ದಪ್ಪ ಪೆನ್ನು ತಂದು, ಒಂದೊಂದೇ ಹಲಗೆಯ ಬೋಳು ಮಗ್ಗುಲಿನಲ್ಲಿ ‘ಮುಖ’ ಎಂದು ಬರೆಯತೊಡಗಿದರು. “ಕೊಯ್ಯೋ ಮುಂಚೆ ನಾವೂ ಹೀಗೇ ಗುರುತು ಹಾಕ್ತಿದ್ವಿ” ಎಂದರು. ನಾನು ಆಪರೇಷನ್ನಿಗೆ ಸಿಕ್ಕ ರೋಗಿಯಂತೆ ಸುಮ್ಮನೆ ನಿಂತಿದ್ದೆ.

ಎಲ್ಲವನ್ನೂ ಬಿಚ್ಚಿದೆ. ಸ್ಪಂಜು ಚೂರುಚೂರಾಗಿ ಕಿತ್ತುಬಂತು, ಬಟ್ಟೆ ಅಂಚಿನಲ್ಲಿ ಹರಿಯಿತು. ಹೊಸ ಸ್ಪಂಜು, ಬಟ್ಟೆ ತಂದು ಮತ್ತೆ ಹೊದಿಸಲು ಕೂತಾಗ, ಹೇಳದೆ ಕೇಳದೆ ಅತ್ತೆ ಅಂಗಡಿಗೆ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದರು. ಆಸ್ಪತ್ರೆಯ ಹಾಸಿಗೆಗೆ ಚಾದರ ಮಡಿಚುವ ಹಾಗೆ ಒಂದು ಮೂಲೆ ಮಡಿಚಿಯೂ ಕೊಟ್ಟರು. ನೋಡಲು ಚೆಂದ. ಆದರೆ ಮಡಿಕೆಯ ಮೇಲೆ ಮಡಿಕೆ ಬಿದ್ದು ದಪ್ಪವಾಗಿ, ಹಲಗೆ ತಗಡಿಗೆ ಕೂರಲೇ ಇಲ್ಲ.

“ಹಾಸಿಗೆಗೆ ಸರಿ, ಇದಕ್ಕಾಗಲ್ಲ. ನನ್ನದೇ ತಪ್ಪು” ಎಂದು ಅತ್ತೆ ತಾವೇ ಬಿಚ್ಚಿದರು.

ನನಗೆ ಹೊಟ್ಟೆ ತಣ್ಣಗಾಯಿತು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ ಎಂದುಕೊಂಡಿದ್ದೆ. “ಅಮ್ಮ ಒಂದು ಮೂಲೆ ಕೆಡಿಸಿದ್ದಕ್ಕೆ ಯಾಕೆ ಅಷ್ಟು ಹಲ್ಲು ಕಿರೀತಿದ್ರಿ?” ಎಂದು ಹೆಂಡತಿ ಊಟಕ್ಕೆ ಬಡಿಸುತ್ತ ಕೇಳಿದಳು.

ಗೋಡೆಗಳು ಈ ಸಲ ಸರಿಯಾಗಿ ಕೂತವು. ಉಳಿದದ್ದು ಚಾವಣಿ. ಅಂಟು ತರಲು ಹೋದಾಗ ಅಂಗಡಿಯವನು, “ಬಿಸಿಲಲ್ಲಿ ನಿಲ್ಲೋ ಗಾಡಿಗಾ? ಹಾಗಾದ್ರೆ ಬೇರೆ ಅಂಟು ಬರುತ್ತೆ” ಎಂದ. ಸೋಫಾ ಅಂಟಿಸಿಯೇ ಕೂದಲು ನರೆತವನಿಗೆ ಇವನ ಪಾಠ ಬೇರೆ ಕೇಡು ಎಂದುಕೊಂಡು, ನನ್ನ ಮಾಮೂಲಿ ಅಂಟಿನ ಡಬ್ಬವನ್ನೇ ಎತ್ತಿಕೊಂಡು ಬಂದು ಚಾವಣಿಗೆ ಬಟ್ಟೆ ಅಂಟಿಸಿದೆ. ಸೋಫಾಗಳು ಯಾರ ಮನೆಯಲ್ಲೂ ನಡು ಮಧ್ಯಾಹ್ನ ಬಿಸಿಲಿನಲ್ಲಿ ನಿಲ್ಲುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಮೊದಲ ಪ್ರಯಾಣಕ್ಕೆ ಅತ್ತೆ ನಮ್ಮಿಬ್ಬರನ್ನೂ ಕರೆದರು. ಅವರೇ ಓಡಿಸಿದರು. ಊರಾಚೆಯ ಕೆರೆಯ ಬಳಿ, ನೆರಳಿಲ್ಲದ ಬಯಲಿನಲ್ಲಿ ನಿಲ್ಲಿಸಿ, ಒಳಗೆ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿನ್ನತೊಡಗಿದೆವು. ನಾನು ಗೋಡೆ ಸವರುತ್ತ, ಈ ಬಟ್ಟೆಯ ಎಳೆತ ಹೇಗೆ, ಈ ಅಂಚಿನ ನಯ ಹೇಗೆ ಎಂದು ವಿವರಿಸುತ್ತಿದ್ದೆ. ತಲೆಯ ಮೇಲೆ ಎಲ್ಲೋ ‘ಸರ್ರ್’ ಎಂದು ಸದ್ದಾಯಿತು. ಚಾವಣಿಯ ಬಟ್ಟೆ ನಡುವೆ ಹೊಟ್ಟೆ ಬಿಟ್ಟಿತು. ನೋಡುನೋಡುತ್ತಿದ್ದ ಹಾಗೆ ಆ ಹೊಟ್ಟೆ ಇಳಿದು ಇಳಿದು, ನಿಧಾನವಾಗಿ, ಬಹಳ ಮರ್ಯಾದೆಯಿಂದ, ಮೂವರ ತಲೆಯ ಮೇಲೂ ಕೂತಿತು.

ಬಟ್ಟೆಯೊಳಗಿನಿಂದ ಅತ್ತೆಯ ದನಿ ಬಂತು.

“ಏನೋ ಮಾಡಿದೀಯ ನೀನು?”

ನನಗೆ ಬೈಗುಳಕ್ಕಿಂತ ಮೊದಲು ಕೇಳಿಸಿದ್ದು ಆ ‘ನೀನು’. ಮದುವೆಯಾದ ಮೇಲೆ ಮೊದಲ ಸಲ. ತಲೆಗೂದಲಿಗೆ ಅಂಟು ಮೆತ್ತಿಕೊಂಡು, ಬಾಯಲ್ಲಿ ಅರ್ಧ ಮೊಟ್ಟೆ ಇಟ್ಟುಕೊಂಡು ನಾನು ಸಂತೋಷಪಟ್ಟೆ ಎಂದರೆ ಯಾರೂ ನಂಬುವುದಿಲ್ಲ.

“ಬಿಸಿಲಿಗೆ ಅಂಟು ಬಿಡ್ತು ಅನ್ಸುತ್ತೆ, ಅತ್ತೆ.”

“ಅನ್ಸೋದೇನು, ನನ್ನ ಕತ್ತಲ್ಲಿ ಇಳೀತಿದೆ.” ಬಟ್ಟೆಯ ಅಡಿಯಿಂದ ಒಂದು ಕೈ ಹೊರಬಂತು, ಅಂಗೈ ಮೇಲಾಗಿ. “ಕತ್ತರಿ.”

ತಡಕಾಡಿ ನನ್ನ ಚೀಲದಿಂದ ಕತ್ತರಿ ತೆಗೆದು ಆ ಅಂಗೈಗೆ ಇಟ್ಟೆ. ಅವರು ತಮ್ಮ ಮುಂದಿನ ಬಟ್ಟೆಯನ್ನು ಒಂದೇ ಸಮನೆ ಸೀಳಿ ತಲೆ ಹೊರಗೆ ತೆಗೆದರು. “ಹಿಡ್ಕೋ.” ಹಿಡಿದುಕೊಂಡೆ. “ಎತ್ತು.” ಎತ್ತಿದೆ. “ಅವಳ ಕೂದಲು ಎಳೀಬೇಡ, ನೀರು ಹಾಕಿ ಬಿಡಿಸು.” ಹಾಗೇ ಮಾಡಿದೆ. ಹೆಂಡತಿ ನಗುತ್ತ ನಗುತ್ತ ಕೆಮ್ಮಿಕೊಂಡಳು. ಬಟ್ಟೆಯನ್ನು ಸುತ್ತಿ ಹಿಂದೆ ಎಸೆದು, ಬೋಳು ಚಾವಣಿಯ ಕೆಳಗೇ ಉಳಿದ ಬ್ರೆಡ್ಡು ಮುಗಿಸಿದೆವು. ಬ್ರೆಡ್ಡಿಗೂ ಅಂಟಿನ ವಾಸನೆ ಬಂದಿತ್ತು.

ಮಾರನೆಯ ದಿನ ಅತ್ತೆ ಖುದ್ದಾಗಿ ನನ್ನ ಜೊತೆ ಅಂಟಿನ ಅಂಗಡಿಗೆ ಬಂದರು. ಅಂಗಡಿಯವನು ನನ್ನ ತಲೆಯ ಕಡೆ ನೋಡಿದ. ಅಂಟು ಹಿಡಿದ ಕಡೆ ಹೆಂಡತಿ ಕತ್ತರಿಸಿದ್ದರಿಂದ ಅಲ್ಲೊಂದು ಬಯಲು ಬಿದ್ದಿತ್ತು. ಅವನು ಏನೂ ಕೇಳದೆ ಬಿಸಿಲಿಗೆ ತಡೆಯುವ ಅಂಟಿನ ಡಬ್ಬ ತೆಗೆದಿಟ್ಟ. ಹೊಸ ಬಟ್ಟೆಯನ್ನು ನಾನೂ ಅತ್ತೆಯೂ ಕತ್ತು ಮೇಲೆತ್ತಿಕೊಂಡೇ ಅಂಟಿಸಿದೆವು. ಆಮೇಲೆ ಇಬ್ಬರಿಗೂ ಕೆಲವು ದಿನ ಕತ್ತು ಕೆಳಗೆ ಬರಲಿಲ್ಲ. ಬೀದಿಯಲ್ಲಿ ಎದುರು ಸಿಕ್ಕವರು ನಮಗೇನೋ ಜಂಬ ಬಂದಿದೆ ಎಂದುಕೊಂಡಿರಬೇಕು.

ಆ ಚಾವಣಿ ಇನ್ನೂ ನಿಂತಿದೆ. ಅತ್ತೆ ಅರ್ಧ ತಿಂಗಳು ಊರಲ್ಲೇ ಇರುವುದಿಲ್ಲ. ಎಲ್ಲೋ ಅವರ ವ್ಯಾನ್ ನಿಂತದ್ದನ್ನು ನೋಡಿದವರೊಬ್ಬರು ವಿಳಾಸ ಕೇಳಿಕೊಂಡು ನನ್ನ ಅಂಗಡಿಗೆ ಬಂದರು, ಅವರ ಹಿಂದೆ ಇನ್ನೊಬ್ಬರು. ಈಗ ಸೋಫಾಗಳ ನಡುವೆ ವ್ಯಾನಿನ ಬಾಗಿಲು, ಗೋಡೆಗಳೂ ಒರಗಿಕೊಂಡಿರುತ್ತವೆ. ಇದರಲ್ಲಿ ತುಂಬ ಅನುಭವವಿದೆಯಾ ಎಂದು ಗಿರಾಕಿಗಳು ಕೇಳುತ್ತಾರೆ. “ಒಂದೇ ವ್ಯಾನನ್ನ ಮೂರು ಸಲ ಮಾಡಿದಾರೆ” ಎಂದು ಹೆಂಡತಿ ಒಳಗಿನಿಂದ ಹೇಳುತ್ತಾಳೆ. ಅವರು ಅದನ್ನು ನನ್ನ ಶ್ರದ್ಧೆ ಎಂದು ತಿಳಿಯುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ಹೋದ ತಿಂಗಳು ಸಮುದ್ರದ ಕಡೆ ಹೊರಟಾಗ ಅತ್ತೆ ನಮ್ಮನ್ನೂ ಕರೆದುಕೊಂಡು ಹೋದರು. ಬೆಳಿಗ್ಗೆ ಎಚ್ಚರವಾದಾಗ ಹೆಂಡತಿ ಇನ್ನೂ ಮಲಗಿದ್ದಳು. ಅಂಗಾತ ಮಲಗಿ ಚಾವಣಿ ನೋಡಿದೆ. ನಾನು ಹೊದಿಸಿದ ಚಾವಣಿಯ ಕೆಳಗೆ ನಾನೇ ಮಲಗಿ ಎದ್ದದ್ದು ಅದೇ ಮೊದಲು. ಎರಡು ಬಟ್ಟೆ ಸೇರುವ ಹೊಲಿಗೆ ತಲೆಯ ಕಡೆಯಿಂದ ನೆಟ್ಟಗೆ ಹೊರಟು, ನಡುವೆ ಯಾರೋ ಕರೆದ ಹಾಗೆ ಎಡಕ್ಕೆ ತಿರುಗಿ, ಆಮೇಲೆ ನಾಚಿಕೊಂಡು ದಾರಿಗೆ ಮರಳಿತ್ತು. ಕಣ್ಣುಜ್ಜಿಕೊಂಡು ನೋಡಿದರೂ ಸೊಟ್ಟಗೇ ಇತ್ತು.

ಹೊರಗೆ ಅತ್ತೆ ಮಡಚುವ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿತ್ತು.

“ಅತ್ತೆ, ಮೇಲಿನ ಹೊಲಿಗೆ ಸ್ವಲ್ಪ ಸೊಟ್ಟ ಆಗಿದೆ ಅಲ್ವಾ?”

“ಗೊತ್ತು. ಕಣ್ಣು ಬಿಟ್ಟ ತಕ್ಷಣ ಅದೇ ಕಾಣೋದು. ಅದಕ್ಕೇ ಬೇಗ ಎದ್ದು ಹೊರಗೆ ಬರ್ತೀನಿ.”

“ಊರಿಗೆ ಹೋದ ಮೇಲೆ ಬಿಚ್ಚಿ ಸರಿಮಾಡ್ಲಾ?”

“ಬೇಡಪ್ಪ. ನೀನು ಸರಿಮಾಡೋಕೆ ಹೋದ್ರೆ ಅದು ಎರಡಾಗುತ್ತೆ. ಕೂತ್ಕೋ, ಚಹಾ ಆರೋಗುತ್ತೆ.”

ನಾನು ಕೂತುಕೊಂಡೆ.